ವರದಿ ದೆವ್ವವಾದ ಕಥೆ

(ಡಿಸೆಂಬರ್ ತಿಂಗಳಲ್ಲಿ ನಗರದ ಕಾಲೇಜೊಂದರ ವಿದ್ಯಾರ್ಥಿಗಳು 1984ರ ‘ಎ ಕ್ರಿಸ್‌ಮಸ್ ಕ್ಯಾರಲ್’ ದೂರದರ್ಶನ ಚಿತ್ರದ ಪ್ರದರ್ಶನ ಏರ್ಪಡಿಸಿದ್ದರು. ಚಿತ್ರದ ನಂತರ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ ಇಲ್ಲಿದೆ.)

ಈಗಷ್ಟೇ ದೀಪ ಹತ್ತಿದೆ. ಸುಮಾರು ನೂರು ನಿಮಿಷ ನೀವೆಲ್ಲ ಹಳೆಯ ಲಂಡನ್ನಿನ ಮಂಜಿನಲ್ಲಿ ಅಲೆದಾಡಿ ಬಂದಿದ್ದೀರಿ. ಸಿನಿಮಾ ಮುಗಿದ ಮೇಲೆ ಎದ್ದು ಹೋಗಿ ಒಂದು ಲೋಟ ಚಹಾ ಕುಡಿಯಬೇಕೆನಿಸುವುದು ಸಹಜ. ಅಂಥ ಹೊತ್ತಿನಲ್ಲಿ ಭಾಷಣ ಕೇಳಿ ಎನ್ನುವುದು ಸ್ವಲ್ಪ ಕ್ರೂರವೇ ಸರಿ. ಹಾಗಾಗಿ ಬೇಗ ಮುಗಿಸಲು ಪ್ರಯತ್ನಿಸುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಲ್ಲ. ಸಿನಿಮಾ ಪಂಡಿತನೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿಕೊಂಡು ಕುಡಿಯುವ ನೀರು, ಕೆಟ್ಟ ರಸ್ತೆ, ಅಪಘಾತ, ಪ್ರತಿಭಟನೆ ಇವುಗಳ ಬಗ್ಗೆ ಬರೆಯುವ ಸಾಮಾನ್ಯ ವರದಿಗಾರ. ಆದ್ದರಿಂದ ನನಗೆ ಗೊತ್ತಿರುವ ದಾರಿಯಲ್ಲೇ ಹೋಗುತ್ತೇನೆ. ಒಂದು ಸುದ್ದಿಯಿಂದ ಶುರು ಮಾಡುತ್ತೇನೆ.

ಇಲ್ಲದವನ ಸಮಾಧಿ

2024ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಯಾರೋ ಒಂದು ಗೋರಿಗಲ್ಲನ್ನು ಒಡೆದು ಹಾಕಿದರು. ಸೇಂಟ್ ಚಾಡ್ಸ್ ಚರ್ಚಿನ ಆವರಣದಲ್ಲಿ ನೆಲಕ್ಕೆ ಹಾಸಿದ್ದ ಚಪ್ಪಡಿ ಅದು. ಗೋರಿಗಲ್ಲು ಒಡೆಯುವುದು ಸ್ಥಳೀಯ ಪೊಲೀಸರ ಮಟ್ಟದ ಸುದ್ದಿ. ಆದರೆ ಇದು ಹಲವು ದೇಶಗಳ ಪತ್ರಿಕೆಗಳಲ್ಲಿ ಬಂತು. ಕಾರಣ, ಕಲ್ಲಿನ ಮೇಲಿದ್ದ ಹೆಸರು: ಎಬನೀಜರ್ ಸ್ಕ್ರೂಜ್.

ಸ್ಕ್ರೂಜ್ ಎಂಬ ಮನುಷ್ಯ ಬದುಕಿರಲೇ ಇಲ್ಲ. ಆತ ಚಾರ್ಲ್ಸ್ ಡಿಕನ್ಸ್‌ನ ಕಥೆಯೊಂದರ ಪಾತ್ರ. ನೀವೀಗ ನೋಡಿದ ಚಿತ್ರದ ಬಹುಭಾಗವನ್ನು ಶ್ರೂಸ್‌ಬರಿಯಲ್ಲಿ ತೆಗೆದರು. ಹಳೆಯ ಮರದ ಚೌಕಟ್ಟಿನ ಮನೆಗಳು, ಕಿರಿದಾದ ಓಣಿಗಳು ಅಲ್ಲಿ ಇನ್ನೂ ಉಳಿದಿದ್ದರಿಂದ ಹಳೆಯ ಲಂಡನ್ನನ್ನು ತೋರಿಸುವುದು ಸುಲಭವಾಯಿತು. ಸ್ಕ್ರೂಜ್ ತನ್ನ ಸಮಾಧಿಯನ್ನು ತಾನೇ ನೋಡುವ ದೃಶ್ಯಕ್ಕೆ ಒಂದು ಗೋರಿಗಲ್ಲು ಬೇಕಿತ್ತು. ಚರ್ಚಿನ ಆವರಣದಲ್ಲಿದ್ದ, ಅಕ್ಷರಗಳು ಸವೆದುಹೋದ ಒಂದು ಹಳೆಯ ಕಲ್ಲಿನ ಮೇಲೆ ಅನುಮತಿ ಪಡೆದು ಸ್ಕ್ರೂಜ್‌ನ ಹೆಸರು ಕೆತ್ತಿಸಿದರು. ಚಿತ್ರೀಕರಣ ಮುಗಿಯಿತು, ತಂಡ ಊರು ಬಿಟ್ಟಿತು, ಕಲ್ಲು ಅಲ್ಲೇ ಉಳಿಯಿತು. ಅಂದಿನಿಂದ ಜನ ಅದನ್ನು ಹುಡುಕಿಕೊಂಡು ಬಂದು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ಇದೇ ಚರ್ಚಿನಲ್ಲಿ 1809ರಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ನಾಮಕರಣವಾಗಿತ್ತು.

ಈ ಸುದ್ದಿ ಓದಿದಾಗ ನನಗೊಂದು ಪ್ರಶ್ನೆ ಬಂತು. ಆ ಕಲ್ಲು ಮೊದಲು ಯಾರದು? ಅದರ ಮೇಲೆ ನಿಜವಾಗಿ ಬದುಕಿದ್ದ ಒಬ್ಬರ ಹೆಸರಿತ್ತಲ್ಲ? ಮಳೆಗಾಳಿಗೆ ಸಿಕ್ಕಿ ಆ ಹೆಸರು ಅಳಿಸಿತು. ಅದರ ಜಾಗದಲ್ಲಿ ಹುಟ್ಟದೇ ಇದ್ದವನ ಹೆಸರು ಬಂತು. ಇರಲಿ, ಈ ಪ್ರಶ್ನೆಯನ್ನು ಇಲ್ಲೇ ಇಟ್ಟಿರುತ್ತೇನೆ. ಕೊನೆಯಲ್ಲಿ ಬೇಕಾಗುತ್ತದೆ.

ಕಥೆಯ ಹಿಂದಿನ ಕಥೆ

ಚಿತ್ರಕ್ಕೆ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸ್ಕ್ರೂಜ್ ಲಂಡನ್ನಿನ ಹಣವಂತ ವ್ಯಾಪಾರಿ. ಒಂಟಿ. ತನ್ನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ಚಳಿ ಕಾಯಿಸಲು ಇದ್ದಿಲೂ ಕೊಡದವನು. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನ ಮನೆಗೆ ಏಳು ವರ್ಷದ ಹಿಂದೆ ಸತ್ತಿದ್ದ ಪಾಲುದಾರ ಮಾರ್ಲಿಯ ದೆವ್ವ ಬರುತ್ತದೆ. ಮೈಗೆಲ್ಲ ಸರಪಳಿ. ಆ ಸರಪಳಿಗೆ ಹಣದ ಪೆಟ್ಟಿಗೆ, ಬೀಗ, ಕೀಲಿ, ಲೆಕ್ಕದ ಪುಸ್ತಕಗಳು ಜೋತುಬಿದ್ದಿವೆ. ಆಮೇಲೆ ಮೂರು ಭೂತಗಳು ಒಂದೊಂದಾಗಿ ಬಂದು ಅವನಿಗೆ ಕಳೆದುಹೋದ ಕ್ರಿಸ್‌ಮಸ್, ಇಂದಿನ ಕ್ರಿಸ್‌ಮಸ್, ಮುಂದೆ ಬರಲಿರುವ ಕ್ರಿಸ್‌ಮಸ್ ತೋರಿಸುತ್ತವೆ. ಬೆಳಗಾಗುವ ಹೊತ್ತಿಗೆ ಸ್ಕ್ರೂಜ್ ಬದಲಾಗಿದ್ದಾನೆ. ಇಷ್ಟೇ ಕಥೆ. ನಿಮ್ಮಲ್ಲಿ ಕೆಲವರು ಇದರ ಚಿಕ್ಕ ರೂಪವನ್ನು ಶಾಲೆಯಲ್ಲಿ ಓದಿರಬಹುದು.

ಇದೊಂದು ದೆವ್ವದ ಕಥೆ. ಡಿಕನ್ಸ್ ಪುಸ್ತಕದ ಹೆಸರಿನ ಕೆಳಗೇ ಹಾಗೆಂದು ಬರೆದಿದ್ದಾನೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಬೆಂಕಿಯ ಸುತ್ತ ಕುಳಿತು ದೆವ್ವದ ಕಥೆ ಹೇಳುವುದು ಆ ದೇಶದ ಹಳೆಯ ರೂಢಿ. ಆದರೆ ಈ ದೆವ್ವ ಹುಟ್ಟಿದ್ದು ಬೇರೆ ಕಡೆ. ಅದು ಹುಟ್ಟಿದ್ದು ಒಂದು ಸರ್ಕಾರಿ ವರದಿಯಲ್ಲಿ.

1840ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಬಾಲ ಕಾರ್ಮಿಕರ ಸ್ಥಿತಿಗತಿ ತಿಳಿಯಲು ಒಂದು ಆಯೋಗ ನೇಮಿಸಿತ್ತು. ಅದರ ಮೊದಲ ವರದಿ 1842ರಲ್ಲಿ ಬಂತು. ಗಣಿಗಳ ಕತ್ತಲಲ್ಲಿ ಐದಾರು ವರ್ಷದ ಮಕ್ಕಳು ದಿನವಿಡೀ ಒಬ್ಬೊಬ್ಬರೇ ಕುಳಿತು ಬಾಗಿಲು ತೆಗೆದು ಮುಚ್ಚುವ ಕೆಲಸ ಮಾಡುತ್ತಿದ್ದ ಸಂಗತಿ ಅದರಲ್ಲಿತ್ತು. ವರದಿಯ ಜೊತೆ ಚಿತ್ರಗಳೂ ಇದ್ದವು. ಚಿತ್ರಗಳನ್ನು ನೋಡಿ ಜನ ಬೆಚ್ಚಿದರು. ಅದೇ ವರ್ಷ ಕಾನೂನು ಬಂದು ಹೆಂಗಸರು ಮತ್ತು ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ಇಳಿಯದಂತಾಯಿತು. ಎರಡನೆಯ ವರದಿ 1843ರ ಆರಂಭದಲ್ಲಿ ಬಂತು. ಅದು ಮೊಳೆ, ಲೇಸು, ಮಡಿಕೆ ಕುಡಿಕೆಯಂಥ ವಸ್ತು ತಯಾರಿಸುವ ಕಾರ್ಖಾನೆ ಮತ್ತು ಕಾರ್ಯಾಗಾರಗಳ ಮಕ್ಕಳ ಕುರಿತದ್ದು.

ಆಯೋಗದ ಸದಸ್ಯರಲ್ಲಿ ಒಬ್ಬರಾಗಿದ್ದ ಡಾ. ಸೌತ್‌ವುಡ್ ಸ್ಮಿತ್ ಅದರ ಪ್ರತಿಯನ್ನು ಡಿಕನ್ಸ್‌ಗೆ ಕಳಿಸಿದರು. ಓದಿ ತಳಮಳಗೊಂಡ ಡಿಕನ್ಸ್, ಬಡವರ ಮಕ್ಕಳ ಪರವಾಗಿ ದೇಶದ ಜನತೆಗೆ ಮನವಿ ಮಾಡುವ ಕರಪತ್ರವೊಂದನ್ನು ಬರೆಯುತ್ತೇನೆ ಎಂದು ಉತ್ತರಿಸಿದ. ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿಸಿದ. ಕರಪತ್ರ ಬೇಡ, ವರ್ಷದ ಕೊನೆಯವರೆಗೆ ಕಾಯಿರಿ, ಇದಕ್ಕಿಂತ ಇಪ್ಪತ್ತು ಸಾವಿರ ಪಟ್ಟು ಬಲವಾದ ಸುತ್ತಿಗೆ ಏಟು ಬೀಳುತ್ತದೆ ಎಂಬರ್ಥದ ಮತ್ತೊಂದು ಪತ್ರ ಬರೆದ.

ಇಲ್ಲಿ ನಾನು ಸ್ವಲ್ಪ ನನ್ನ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುಟುಂಬಗಳ ಮಕ್ಕಳ ಬಗ್ಗೆ ಒಂದು ವರದಿ ಮಾಡಿದ್ದೆ. ಮೂರು ದಿನ ಓಡಾಡಿದ್ದೆ. ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ, ಸಾವಿರ ಇಟ್ಟಿಗೆಗೆ ಎಷ್ಟು ಕೂಲಿ, ಎಷ್ಟು ಮುಂಗಡ ಸಾಲ, ಎಲ್ಲ ಅಂಕಿ ಅಂಶ ಇತ್ತು. ಒಳಪುಟದಲ್ಲಿ ಒಂದು ಕಾಲಂ ಬಂತು. ಒಂದು ಫೋನ್ ಬರಲಿಲ್ಲ, ಒಂದು ಪತ್ರ ಬರಲಿಲ್ಲ. ಅದೇ ವಾರ, ಬಾವಿಗೆ ಬಿದ್ದ ನಾಯಿಮರಿಯನ್ನು ಮೇಲೆತ್ತಿದ ಬಗ್ಗೆ ನಾನೇ ಬರೆದ ನಾಲ್ಕು ಸಾಲಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಫೋನ್ ಮಾಡಿದ್ದರು. ನಾಯಿಮರಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೂರು ಮಕ್ಕಳ ಲೆಕ್ಕ ತಟ್ಟದ ಮನಸ್ಸಿಗೆ ಒಂದು ನಾಯಿಮರಿ ಹೇಗೆ ತಟ್ಟಿತು ಎಂಬ ಪ್ರಶ್ನೆ ಅಂದಿನಿಂದ ಕಾಡುತ್ತಿದೆ. 1843ರಲ್ಲಿ ಡಿಕನ್ಸ್ ಎದುರಿಸಿದ್ದೂ ಇದೇ ಪ್ರಶ್ನೆ ಎಂದು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಡಿಕನ್ಸ್ ಕೂಡ ನನ್ನ ವಯಸ್ಸಿನಲ್ಲಿ ವರದಿಗಾರನಾಗಿದ್ದ. ಶೀಘ್ರಲಿಪಿ ಕಲಿತು ಸಂಸತ್ತಿನ ಕಲಾಪ ಬರೆಯುತ್ತಿದ್ದ. ಅಂಕಿ ಅಂಶದ ಬೆಲೆಯೂ ಗೊತ್ತಿತ್ತು, ಅದರ ಮಿತಿಯೂ ಗೊತ್ತಿತ್ತು.

ಬಡತನವನ್ನು ಆತ ವರದಿಯಲ್ಲಿ ಮಾತ್ರ ಓದಿದವನಲ್ಲ. 1824ರಲ್ಲಿ ಅಪ್ಪ ಸಾಲ ತೀರಿಸಲಾಗದೆ ಮಾರ್ಶಲ್‌ಸೀ ಸೆರೆಮನೆ ಸೇರಿದಾಗ ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. 1843ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿ ಬೀದಿ ಮಕ್ಕಳಿಗಾಗಿ ನಡೆಯುತ್ತಿದ್ದ ಧರ್ಮಶಾಲೆಗೆ ಭೇಟಿ ಕೊಟ್ಟು ಬಂದ. ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾರ್ಮಿಕರ ಶಿಕ್ಷಣದ ಬಗ್ಗೆ ಭಾಷಣ ಮಾಡಿದ. ಅದರ ಬೆನ್ನಿಗೇ ಬರೆಯಲು ಕುಳಿತು ಸುಮಾರು ಆರು ವಾರಗಳಲ್ಲಿ ಪುಸ್ತಕ ಮುಗಿಸಿದ. 1843ರ ಡಿಸೆಂಬರ್ 19ರಂದು ‘ಎ ಕ್ರಿಸ್‌ಮಸ್ ಕ್ಯಾರಲ್’ ಹೊರಬಂತು. ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಆರು ಸಾವಿರ ಪ್ರತಿ ಖರ್ಚಾದವು.

ಬಾಬ್ ಕೊಳ್ಳಲಾರದ ಪುಸ್ತಕ

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಕಥೆಯಲ್ಲಿ ಬಾಬ್‌ನ ಸಂಬಳ ವಾರಕ್ಕೆ ಹದಿನೈದು ಶಿಲಿಂಗ್. ವಾರಕ್ಕೆ ಆರು ದಿನದ ಕೆಲಸವೆಂದರೆ ದಿನಕ್ಕೆ ಎರಡೂವರೆ ಶಿಲಿಂಗ್. ಬಣ್ಣದ ಚಿತ್ರಗಳಿದ್ದ, ಚೆಂದದ ರಟ್ಟು ಹಾಕಿದ್ದ ಪುಸ್ತಕದ ಬೆಲೆ ಐದು ಶಿಲಿಂಗ್. ಅಂದರೆ ಬಾಬ್ ತನ್ನ ಕಥೆಯನ್ನು ತಾನೇ ಓದಬೇಕಾದರೆ ಎರಡು ದಿನದ ದುಡಿಮೆ ಕೊಡಬೇಕು. ಹೆಂಡತಿ, ಆರು ಮಕ್ಕಳಿರುವ ಮನೆಯಲ್ಲಿ ಅದು ಆಗುವ ಮಾತಲ್ಲ.

ಪುಸ್ತಕದ ಅಂದಚೆಂದಕ್ಕೆ ಮಾಡಿದ ಖರ್ಚಿನಿಂದ ಡಿಕನ್ಸ್‌ಗೂ ನಿರಾಸೆಯಾಯಿತು. ಸಾವಿರ ಪೌಂಡ್ ಲಾಭ ನಿರೀಕ್ಷಿಸಿದ್ದವನಿಗೆ ಮೊದಲ ಮುದ್ರಣದಿಂದ ಸಿಕ್ಕಿದ್ದು ಸುಮಾರು 230 ಪೌಂಡ್. ಕಥೆ ಕದ್ದು ಅಗ್ಗದಲ್ಲಿ ಅಚ್ಚು ಹಾಕಿದವರ ಮೇಲೆ ಮೊಕದ್ದಮೆ ಹೂಡಿ ಗೆದ್ದ. ಸೋತವರು ದಿವಾಳಿ ಎಂದು ಕೈಯೆತ್ತಿದ್ದರಿಂದ ಕೋರ್ಟಿನ ಖರ್ಚು ತಾನೇ ಭರಿಸಬೇಕಾಯಿತು. ಹಣದಾಸೆಯ ವಿರುದ್ಧ ಬರೆದ ಪುಸ್ತಕದಿಂದ ಲೇಖಕನಿಗಾದ ಅನುಭವ ಇದು!

ಹಾಗಾದರೆ ಕಥೆ ಬಾಬ್‌ನಂಥವರಿಗೆ ತಲುಪಿದ್ದು ಹೇಗೆ? ರೂಪಾಂತರಗಳಿಂದ. 1844ರ ಫೆಬ್ರವರಿ ಹೊತ್ತಿಗೇ ಲಂಡನ್ನಿನ ಹಲವು ರಂಗಮಂದಿರಗಳಲ್ಲಿ ಇದು ನಾಟಕವಾಗಿತ್ತು. 1853ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಂ ಪುರಭವನದಲ್ಲಿ ಡಿಕನ್ಸ್ ತಾನೇ ಇದನ್ನು ಸಭಿಕರ ಮುಂದೆ ಓದಿದ. ಒಂದು ದಿನದ ಓದನ್ನು ದುಡಿಯುವ ವರ್ಗದವರಿಗೇ ಮೀಸಲಿಡಬೇಕೆಂದು ಆತನೇ ಕೇಳಿಕೊಂಡಿದ್ದ. ಆ ದಿನ ಟಿಕೆಟ್ ಆರು ಪೆನ್ಸ್, ಅಂದರೆ ಅರ್ಧ ಶಿಲಿಂಗ್. 1901ರಲ್ಲಿ ಆರ್. ಡಬ್ಲ್ಯು. ಪಾಲ್ ನಿರ್ಮಿಸಿದ ಕೆಲವೇ ನಿಮಿಷಗಳ ಮೂಕಿಚಿತ್ರದಲ್ಲಿ ಸ್ಕ್ರೂಜ್ ಬೆಳ್ಳಿತೆರೆಗೆ ಬಂದ. ನಂತರ ರೇಡಿಯೊ, ಆಮೇಲೆ ಕಿರುತೆರೆ. ಸಿನಿಮಾವನ್ನು ಪುಸ್ತಕದ ಬಡ ತಮ್ಮ ಎಂದು ಮೂಗು ಮುರಿಯುವವರಿದ್ದಾರೆ. ಈ ಕಥೆಯ ಮಟ್ಟಿಗೆ ರೂಪಾಂತರವೇ ಮೂಲದ ಉದ್ದೇಶವನ್ನು ಈಡೇರಿಸಿತು ಎನ್ನಬೇಕು.

ಆದರೆ ಒಂದು ಅಪಾಯವೂ ಇದೆ. ಹೇಳಿ ಹೇಳಿ ಕಥೆ ನಯವಾಗುತ್ತದೆ. ಸ್ಕ್ರೂಜ್ ಎಂದರೆ ಗೊಣಗುವ ಮುದುಕ, ಕುಂಟ ಹುಡುಗ ಟೈನಿ ಟಿಮ್ ಎಂದರೆ ಮುದ್ದು ಮಗು, ಕೊನೆಯಲ್ಲಿ ದೊಡ್ಡ ಟರ್ಕಿ ಕೋಳಿ, ಎಲ್ಲರೂ ಸುಖಿ. ವರದಿ ಮಾಯವಾಗಿ ಹಬ್ಬ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಕಥೆಯ ಯಾವುದೇ ಚಿತ್ರ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ದೆವ್ವದೊಳಗೆ ವರದಿ ಉಳಿದಿದೆಯೇ?

ಲೆಕ್ಕ ಬಲ್ಲ ಮನುಷ್ಯ

1984ರ ಡಿಸೆಂಬರ್ 17ರಂದು ಅಮೆರಿಕದ ಸಿಬಿಎಸ್ ವಾಹಿನಿ ಈ ಚಿತ್ರವನ್ನು ಪ್ರಸಾರ ಮಾಡಿತು. ಬ್ರಿಟನ್ನಿನಲ್ಲಿ ಇದು ಚಿತ್ರಮಂದಿರಗಳಲ್ಲೇ ತೆರೆಕಂಡಿತ್ತು. ನಿರ್ದೇಶಕ ಕ್ಲೈವ್ ಡಾನರ್. ಅವರಿಗೆ ಈ ಕಥೆ ಹೊಸದಲ್ಲ. ಆಲಸ್ಟೇರ್ ಸಿಮ್ ಅಭಿನಯದ, ಇಂದಿಗೂ ಹೆಸರುವಾಸಿಯಾದ 1951ರ ಚಿತ್ರಕ್ಕೆ ಅವರೇ ಸಂಕಲನಕಾರ. ಮೂವತ್ಮೂರು ವರ್ಷಗಳ ನಂತರ ಅದೇ ಕಥೆಯನ್ನು ತಾವೇ ನಿರ್ದೇಶಿಸಿದರು. ಚಿತ್ರಕಥೆ ರೋಜರ್ ಹಿರ್ಸನ್ ಅವರದು.

ಸ್ಕ್ರೂಜ್ ಆಗಿ ಬಂದವರು ಜಾರ್ಜ್ ಸಿ. ಸ್ಕಾಟ್. ‘ಪ್ಯಾಟನ್’ ಚಿತ್ರದಲ್ಲಿ ಸೇನಾಧಿಪತಿಯ ಪಾತ್ರಕ್ಕೆ ಆಸ್ಕರ್ ಬಂದಾಗ, ನಟರನ್ನು ಸ್ಪರ್ಧೆಗೆ ಇಳಿಸುವುದೇ ತಪ್ಪು ಎಂದು ನಿರಾಕರಿಸಿದ ನಟ. ಸುತ್ತಲೂ ಬ್ರಿಟಿಷ್ ಕಲಾವಿದರು: ಬಾಬ್ ಆಗಿ ಡೇವಿಡ್ ವಾರ್ನರ್, ಅವನ ಹೆಂಡತಿಯಾಗಿ ಸುಸಾನಾ ಯಾರ್ಕ್, ಮಾರ್ಲಿಯಾಗಿ ಫ್ರ್ಯಾಂಕ್ ಫಿನ್ಲೆ. ನಡುವೆ ಸ್ಕಾಟ್ ಒಬ್ಬರು ಅಮೆರಿಕನ್. ಈ ಪಾತ್ರಕ್ಕೆ ಅವರು ಎಮ್ಮಿ ಪ್ರಶಸ್ತಿಗೆ ನಾಮಕರಣಗೊಂಡರು.

ನೀವು ಗಮನಿಸಿದಿರೋ ಇಲ್ಲವೋ, ಈ ಸ್ಕ್ರೂಜ್ ನೋಡಲು ಜಿಪುಣನಂತೆಯೇ ಇಲ್ಲ. ಬಾಗಿದ ಬೆನ್ನಿಲ್ಲ, ಕೀಚಲು ದನಿಯಿಲ್ಲ. ಗಟ್ಟಿ ಮೈಕಟ್ಟು, ದಪ್ಪ ಕೆನ್ನೆಮೀಸೆ, ಒಳ್ಳೆಯ ಬಟ್ಟೆಯ ಕೋಟು. ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಾರೆ. ಜೋರಾಗಿ ನಗುತ್ತಾನೆ ಕೂಡ. ಆದರೆ ನಗುವುದು ತಾನು ಹೇಳಿದ ಕುಹಕಕ್ಕೆ ತಾನೇ. ಬಾಬ್ ಒಲೆಗೆ ಇದ್ದಿಲು ಹಾಕಹೋದಾಗ ಅವನು ಬೈಯುವುದಿಲ್ಲ, ತರ್ಕ ಮಾಡುತ್ತಾನೆ. ಬಟ್ಟೆ ಒಮ್ಮೆ ಕೊಂಡರೆ ಬಹುಕಾಲ ಬರುತ್ತದೆ, ಇದ್ದಿಲು ಉರಿದರೆ ಮುಗಿಯಿತು. ಚಳಿಗೆ ಯಾವುದು ಲಾಭ ನೀನೇ ಹೇಳು ಎಂಬ ಧಾಟಿ. ಕೇಳುತ್ತಿರುವಾಗ ನಮಗೂ ಒಂದು ಕ್ಷಣ ಹೌದಲ್ಲ ಎನಿಸಿಬಿಡುತ್ತದೆ. ಭಯ ಹುಟ್ಟುವುದು ಅಲ್ಲಿ.

ಇನ್ನೊಂದು ದೃಶ್ಯ ಗಮನಿಸಿ. ಪುಸ್ತಕದಲ್ಲಿ ಸ್ಕ್ರೂಜ್‌ನ ವ್ಯಾಪಾರ ಏನೆಂದು ಸ್ಪಷ್ಟವಾಗಿ ಹೇಳಿಲ್ಲ. ಚಿತ್ರದಲ್ಲಿ ಅವನು ವಾಣಿಜ್ಯ ವಿನಿಮಯ ಕೇಂದ್ರಕ್ಕೆ ಹೋಗುತ್ತಾನೆ. ಅವನ ಬಳಿ ಇರುವ ಧಾನ್ಯಕ್ಕಾಗಿ ವರ್ತಕರು ಕಾದಿದ್ದಾರೆ. ನಿನ್ನೆ ಒಪ್ಪಲಿಲ್ಲ, ಇಂದು ಬೆಲೆ ಏರಿದೆ, ನಾಳೆಗೆ ಬಿಟ್ಟರೆ ಇನ್ನೂ ಏರುತ್ತದೆ ಎಂದು ತಣ್ಣಗೆ ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಆಗ ವಿದೇಶಿ ಧಾನ್ಯದ ಮೇಲೆ ಸುಂಕ ಹಾಕುವ ಕಾಯಿದೆಗಳಿದ್ದವು. ಅವು ರದ್ದಾದದ್ದು 1846ರಲ್ಲಿ. ಅಲ್ಲಿಯವರೆಗೆ ಬಡವರ ರೊಟ್ಟಿ ದುಬಾರಿಯಾಗಿತ್ತು. ಅಂದರೆ ಈ ಸ್ಕ್ರೂಜ್ ತನ್ನ ಪಾಡಿಗೆ ತಾನು ನಾಣ್ಯ ಎಣಿಸುವವನಲ್ಲ. ಅವನ ಒಂದು ಮಾತಿಗೆ ಊರಿನ ರೊಟ್ಟಿಯ ಬೆಲೆ ಅಲುಗುತ್ತದೆ. ಬಡವರಿಗಾಗಿ ಚಂದಾ ಎತ್ತುವ ಮಹನೀಯರು ಅವನನ್ನು ಭೇಟಿಯಾಗುವುದೂ ಇಲ್ಲೇ. ಸೆರೆಮನೆಗಳಿಲ್ಲವೇ, ಬಡವರ ದುಡಿಮೆಮನೆಗಳಿಲ್ಲವೇ, ನನ್ನ ತೆರಿಗೆಯಿಂದಲೇ ಅವು ನಡೆಯುತ್ತಿವೆಯಲ್ಲ ಎಂಬುದು ಅವನ ವಾದ. ಸಾಯುವವರು ಸತ್ತರೆ ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗುತ್ತದೆ ಎನ್ನುವವರೆಗೂ ಹೋಗುತ್ತಾನೆ.

ಈ ವಾದ ಡಿಕನ್ಸ್ ಕಲ್ಪಿಸಿದ್ದಲ್ಲ. ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದ ಮಾಲ್ಥಸ್‌ನ ವಿಚಾರಗಳನ್ನು ಓದಿಕೊಂಡ ಸಂಭಾವಿತರು ಆಗ ಆಡುತ್ತಿದ್ದ ಮಾತು ಅದು. 1834ರ ಬಡವರ ಕಾಯಿದೆಯ ಪ್ರಕಾರ ನೆರವು ಬೇಕಾದವರು ದುಡಿಮೆಮನೆ ಸೇರಬೇಕು. ಸೇರಿದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ನೆರವು ಕೇಳಲು ಜನ ಹಿಂಜರಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು.

ಸೇತುವೆಯ ಕೆಳಗೆ

ಈಗ ನಾನು ಈ ಚಿತ್ರವನ್ನೇ ಆರಿಸಿಕೊಳ್ಳಲು ಕಾರಣವಾದ ದೃಶ್ಯಕ್ಕೆ ಬರುತ್ತೇನೆ. ಇಂದಿನ ಕ್ರಿಸ್‌ಮಸ್ಸಿನ ಭೂತ, ಅಂದರೆ ಹಸಿರು ನಿಲುವಂಗಿ ತೊಟ್ಟ ಎಡ್ವರ್ಡ್ ವುಡ್‌ವರ್ಡ್, ಸ್ಕ್ರೂಜ್‌ನನ್ನು ಒಂದು ಸೇತುವೆಯ ಕೆಳಗೆ ಕರೆತರುತ್ತದೆ. ಮನೆಯಿಲ್ಲದ ಕುಟುಂಬವೊಂದು ಬೆಂಕಿಯ ಸುತ್ತ ಮುದುಡಿ ಕುಳಿತಿದೆ. ಗಂಡನಿಗೆ ದುಡಿಯುವ ಮನಸ್ಸಿದೆ, ಕೆಲಸವಿಲ್ಲ. ದುಡಿಮೆಮನೆಗೆ ಹೋದರೆ ಬೇರೆ ಬೇರೆಯಾಗಬೇಕು, ಅದು ಬೇಡ ಎನ್ನುತ್ತಾಳೆ ಹೆಂಡತಿ. ಇದು ಪುಸ್ತಕದಲ್ಲಿಲ್ಲ, ಚಿತ್ರ ಸೇರಿಸಿದ್ದು. ಆದರೆ ಹಗಲು ಸ್ಕ್ರೂಜ್ ಎತ್ತಿದ ಪ್ರಶ್ನೆಗೆ ಇದು ನೇರ ಉತ್ತರ. ದುಡಿಮೆಮನೆಗಳಿಲ್ಲವೇ ಎಂದು ಕೇಳಿದ್ದನಲ್ಲ, ಅದರ ಬಾಗಿಲಿಗೆ ಹೋಗಲು ಹೆದರುವವರನ್ನು ಇಲ್ಲಿ ಕಣ್ಣಾರೆ ನೋಡುತ್ತಾನೆ.

ನಂತರ ಬರುವುದು ಪುಸ್ತಕದಲ್ಲೇ ಇರುವ ಪ್ರಸಂಗ. ಭೂತ ತನ್ನ ನಿಲುವಂಗಿ ಸರಿಸುತ್ತದೆ. ಅದರೊಳಗೆ ಇಬ್ಬರು ಮಕ್ಕಳು. ಎಲುಬು ಗೂಡಾದ, ಹೆದರಿದ, ಹೆದರಿಸುವ ಮಕ್ಕಳು. ಒಬ್ಬನ ಹೆಸರು ಅಜ್ಞಾನ, ಇನ್ನೊಬ್ಬಳ ಹೆಸರು ಅಭಾವ. ಯಾರ ಮಕ್ಕಳು ಇವರು ಎಂದು ಸ್ಕ್ರೂಜ್ ಕೇಳುತ್ತಾನೆ. ಮನುಷ್ಯಕುಲದ ಮಕ್ಕಳು ಎಂಬುದು ಭೂತದ ಉತ್ತರ. ಇಬ್ಬರಲ್ಲೂ ಹುಡುಗನ ಬಗ್ಗೆ ಹೆಚ್ಚು ಎಚ್ಚರವಿರಲಿ ಎಂದು ಅದು ಸೇರಿಸುತ್ತದೆ.

ಗೆಳೆಯರೇ, 1843ರ ಆ ವರದಿ ಇಲ್ಲಿದೆ. ಮೊಳೆ ಬಡಿಯುತ್ತಿದ್ದ, ಲೇಸು ಹೆಣೆಯುತ್ತಿದ್ದ ಮಕ್ಕಳೆಲ್ಲ ಈ ಇಬ್ಬರಾಗಿ ಬಂದು ನಿಂತಿದ್ದಾರೆ. ಕಥೆಯಲ್ಲಿ ಅತ್ಯಂತ ಭಯಾನಕರು ಸತ್ತವರಲ್ಲ, ಬದುಕಿರುವ ಈ ಇಬ್ಬರು ಮಕ್ಕಳು. ಈ ಪ್ರಸಂಗ ತೆಗೆದರೂ ಕಥೆ ಓಡುತ್ತದೆ. ಸ್ಕ್ರೂಜ್ ಬದಲಾಗಲು ಟೈನಿ ಟಿಮ್ ಸಾಕು. ಹಬ್ಬದ ದಿನ ಮನೆಮಂದಿಯೆಲ್ಲ ಕುಳಿತು ನೋಡುವ ಚಿತ್ರದಲ್ಲಿ ಇಂಥ ದೃಶ್ಯ ಇಡುವುದು ಜಾಹೀರಾತಿನ ಮೇಲೆ ನಡೆಯುವ ವಾಹಿನಿಗೆ ಅನುಕೂಲದ ಸಂಗತಿಯೂ ಅಲ್ಲ. ಡಾನರ್ ಅದನ್ನು ಉಳಿಸಿಕೊಂಡರು. ಉಳಿಸಿಕೊಂಡದ್ದಷ್ಟೇ ಅಲ್ಲ, ಅದಾದ ಮೇಲೆ ಭೂತ ಸ್ಕ್ರೂಜ್‌ನನ್ನು ಆ ಚಳಿಯಲ್ಲಿ ಒಬ್ಬನನ್ನೇ ಬಿಟ್ಟು ಹೋಗುವಂತೆ ಮಾಡಿದರು. ತನ್ನನ್ನು ಹೀಗೆ ಕೈಬಿಡಲು ತಾನೇನು ಮಾಡಿದೆ ಎಂದು ಆ ಗಟ್ಟಿ ಮನುಷ್ಯ ಕತ್ತಲಲ್ಲಿ ಹಲುಬುತ್ತಾನೆ. ಹಗಲು ವಿನಿಮಯ ಕೇಂದ್ರದಲ್ಲಿ ದರ ಹೇಳುತ್ತಿದ್ದವನು ರಾತ್ರಿ ಮನೆಯಿಲ್ಲದವರ ಸಾಲಿಗೆ ಬಂದಿದ್ದಾನೆ.

ಅಂಗಡಿ ಬಿಡದವನು

ನಮ್ಮಲ್ಲಿ ಮೂಗುತಿಯ ಪ್ರಸಂಗದಿಂದ ಕಣ್ತೆರೆದ ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕ ಸರ್ವಸ್ವವನ್ನೂ ದಾನ ಮಾಡಿ ಪುರಂದರದಾಸರಾದ ಐತಿಹ್ಯ ಎಲ್ಲರಿಗೂ ಗೊತ್ತು. ಆ ಕಥೆ ಕೇಳಿ ಬೆಳೆದ ನನಗೆ ಸ್ಕ್ರೂಜ್ ಮೊದಲು ಸ್ವಲ್ಪ ನಿರಾಸೆ ಮಾಡಿದ್ದ. ಏಕೆಂದರೆ ಅವನು ಏನನ್ನೂ ತೊರೆಯುವುದಿಲ್ಲ. ಹಬ್ಬದ ಮರುದಿನ ಬೆಳಗ್ಗೆ ಎಂದಿನಂತೆ ಕಚೇರಿಗೆ ಬಂದು ಕೂರುತ್ತಾನೆ. ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬರುತ್ತಾನೆ. ಸುಳ್ಳು ಕೋಪ ತೋರಿಸಿ, ಕೊನೆಗೆ ಸಂಬಳ ಹೆಚ್ಚಿಸಿದ್ದೇನೆ ಎನ್ನುತ್ತಾನೆ.

ಆಮೇಲೆ ಯೋಚಿಸಿದಾಗ ಡಿಕನ್ಸ್‌ನ ಜಾಣತನ ಹೊಳೆಯಿತು. ಸ್ಕ್ರೂಜ್ ಸನ್ಯಾಸಿಯಾದರೆ ಓದುಗ ಕೈಮುಗಿದು ಸುಮ್ಮನಾಗುತ್ತಾನೆ. ಅದು ತನ್ನಿಂದ ಆಗದ ಮಾತು ಎಂದು ಪುಸ್ತಕ ಮುಚ್ಚುತ್ತಾನೆ. ಸಂಬಳ ಹೆಚ್ಚಿಸುವುದು, ಒಲೆಗೆ ಇದ್ದಿಲು ಹಾಕಿಸುವುದು, ಸೋದರಳಿಯನ ಮನೆಗೆ ಊಟಕ್ಕೆ ಹೋಗುವುದು ಯಾರಿಗೂ ಅಸಾಧ್ಯವಲ್ಲ. ಅದೇ ಮೇಜು, ಅದೇ ಲೆಕ್ಕದ ಪುಸ್ತಕ. ಬರೆಯುವ ಅಂಕಿ ಮಾತ್ರ ಬೇರೆ. ಮಾರ್ಲಿಯ ಸರಪಳಿಯಲ್ಲಿ ಲೆಕ್ಕದ ಪುಸ್ತಕ ನೇತಾಡುತ್ತಿದ್ದುದು ಇದಕ್ಕೇ ಎಂದು ನನಗನ್ನಿಸುತ್ತದೆ.

ಆದರೂ ಒಂದು ತಕರಾರು ಉಳಿಯುತ್ತದೆ. ಒಬ್ಬ ಧಣಿ ಒಳ್ಳೆಯವನಾದರೆ ಒಬ್ಬ ಬಾಬ್‌ನ ಮನೆ ಬೆಳಗಬಹುದು. ಸೇತುವೆಯ ಕೆಳಗಿನವರ ಗತಿಯೇನು? ನಿಲುವಂಗಿಯೊಳಗಿನ ಮಕ್ಕಳಿಗೆ ಯಾರು ಧಣಿ? ಅವರಿಗೆ ಬೇಕಾದದ್ದು ಕಾನೂನು. ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸಿದ ಕಾಯಿದೆ ಬಂದದ್ದು 1847ರಲ್ಲಿ. ಅದನ್ನು ತಂದದ್ದು ದೆವ್ವಗಳಲ್ಲ. ವರ್ಷಗಟ್ಟಲೆ ಹೋರಾಡಿದ ಕಾರ್ಮಿಕರು, ಮನವಿ ಬರೆದವರು, ಸಂಸತ್ತಿನಲ್ಲಿ ವಾದಿಸಿದವರು, ಮತ್ತು ಒಣ ಅಂಕಿ ಅಂಶದ ವರದಿಗಳು. ಹೀಗಾಗಿ ಕಥೆ ಸಾಕು, ವರದಿ ಬೇಡ ಎಂದು ನಾನು ಹೇಳಲಾರೆ. ಹೇಳಿದರೆ ನನ್ನ ಕೆಲಸಕ್ಕೇ ಕುತ್ತು. ವರದಿ ಎಷ್ಟು ಮಕ್ಕಳು ಎಂದು ಹೇಳುತ್ತದೆ, ಕಥೆ ಇವರು ಯಾರ ಮಕ್ಕಳು ಎಂದು ಕೇಳುತ್ತದೆ. ಎರಡೂ ಬೇಕು.

ಇಟ್ಟಿಗೆ ಗೂಡಿನ ಬಗ್ಗೆ ಬರೆದ ಆ ವರದಿಯನ್ನು ಇತ್ತೀಚೆಗೆ ತೆಗೆದು ಓದಿದೆ. ತಪ್ಪು ಓದುಗರದ್ದು ಮಾತ್ರವಲ್ಲ ಎನ್ನಿಸಿತು. ಮೂರು ದಿನ ಅಲ್ಲಿದ್ದೆ. ಹಸಿ ಇಟ್ಟಿಗೆ ಹೊತ್ತು ನನ್ನ ಮುಂದೆಯೇ ಓಡಾಡುತ್ತಿದ್ದ ಒಬ್ಬ ಹುಡುಗಿ ನನ್ನ ಪೆನ್ನು ಕೇಳಿ, ತನ್ನ ಅಂಗೈ ಮೇಲೆ ಏನೋ ಗೀಚಿಕೊಂಡು ವಾಪಸು ಕೊಟ್ಟಿದ್ದಳು. ಅದು ವರದಿಯಲ್ಲಿಲ್ಲ. ಅವಳ ಹೆಸರನ್ನು ನಾನು ಕೇಳಲೂ ಇಲ್ಲ. ಒಟ್ಟು ಸಂಖ್ಯೆಯಲ್ಲಿ ಅವಳೂ ಒಂದು.

ಈಗ ಶ್ರೂಸ್‌ಬರಿಯ ಕಲ್ಲಿಗೆ ಮರಳೋಣ. ಕಲ್ಪನೆಯ ಮನುಷ್ಯನ ಗೋರಿ ಒಡೆದದ್ದಕ್ಕೆ ಲೋಕವೆಲ್ಲ ಮರುಗಿತು. ಅದೇ ಕಲ್ಲಿನ ಮೇಲಿದ್ದ ನಿಜವಾದ ಹೆಸರು ಸವೆದುಹೋದಾಗ ಯಾರೂ ಗಮನಿಸಲಿಲ್ಲ. ಇದಕ್ಕಾಗಿ ಕಥೆಗಳ ಮೇಲೆ ಸಿಟ್ಟಾಗಬೇಕಿಲ್ಲ. ಹೆಸರಿಲ್ಲದವರನ್ನು ನೆನಪಿನಲ್ಲಿ ಇರಿಸುವ ಶಕ್ತಿ ಕಥೆಗಿದೆ ಎಂಬುದನ್ನೇ ಅದು ತೋರಿಸುತ್ತದೆ. ಆದರೆ ಸ್ಕ್ರೂಜ್‌ನ ಹೆಸರಿನ ಕೆಳಗೆ ಇನ್ನೊಂದು ಹೆಸರಿತ್ತು ಎಂಬುದನ್ನು ಮರೆಯಬಾರದು, ಅಷ್ಟೆ.

ನಿಮ್ಮಲ್ಲಿ ಕೆಲವರು ನಾಳೆ ಪತ್ರಕರ್ತರಾಗುತ್ತೀರಿ, ಕೆಲವರು ಬ್ಯಾಂಕು, ಕಂಪನಿ, ಸರ್ಕಾರಿ ಕಚೇರಿ ಸೇರುತ್ತೀರಿ. ಲೆಕ್ಕ ಬರೆಯುವ ಕೆಲಸವಂತೂ ಎಲ್ಲರಿಗೂ ಇದ್ದೇ ಇದೆ. ಬರೆಯುವಾಗ ಒಮ್ಮೆ ತಲೆ ಎತ್ತಿ, ಈ ಅಂಕಿಯ ಹಿಂದೆ ಯಾರಿದ್ದಾರೆ ಎಂದು ನೋಡಿ. ಸಾಧ್ಯವಾದರೆ ಹೆಸರು ಕೇಳಿ. ನಾನು ಕೇಳದೆ ಬಂದೆ. ಮುಂದಿನ ಸಲ ಹೋದಾಗ ಮೊದಲು ಅದನ್ನೇ ಕೇಳುತ್ತೇನೆ.

ಚಹಾ ಆರುವ ಮೊದಲು ಮುಗಿಸುತ್ತೇನೆ.